ಮರಳುದಿಬ್ಬದ ಕೆಳಗಿನ ಬಾಗು: ಬಂಡೆಯದೋ, ಮರಳಿನದೋ?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನವನು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಸೀಸ್ಮಿಕ್ ಡೇಟಾ ಪ್ರೊಸೆಸಿಂಗ್ ಮಾಡುತ್ತಿದ್ದೇನೆ. ಅರೇಬಿಯಾದ ರುಬ್ ಅಲ್ ಖಾಲಿ ಮರುಭೂಮಿಯ ಒಂದು ಲೈನ್ ನನ್ನ ಪಾಲಿಗೆ ಬಂದಿದೆ. ಲೈನಿನ ನಡುವೆ ಸುಮಾರು 5 ಕಿ.ಮೀ. ಅಗಲದ ಮರಳಿನ ಸಾಲುಗುಡ್ಡ. ಅದರ ನೆತ್ತಿ ಅಕ್ಕಪಕ್ಕದ ಬಯಲಿಗಿಂತ 60 ಮೀಟರ್ ಎತ್ತರ. ಅತಿ ಹೆಚ್ಚಿನ ಆಫ್‌ಸೆಟ್ (ಕಂಪನ ಎಬ್ಬಿಸುವ ಸೋರ್ಸಿನಿಂದ ಅದನ್ನು ದಾಖಲಿಸುವ ಜಿಯೋಫೋನಿಗೆ ಇರುವ ದೂರ) 3 ಕಿ.ಮೀ. ಎಲಿವೇಶನ್ ಸ್ಟ್ಯಾಟಿಕ್ಸ್ (ನೆಲದ ಎತ್ತರಕ್ಕೆ ತಕ್ಕ ಸಮಯದ ತಿದ್ದುಪಡಿ) ಹಾಕಿದೆ. ಆದರೂ ಆ ಗುಡ್ಡದ ಕೆಳಗೆ ಎಲ್ಲ ರಿಫ್ಲೆಕ್ಟರ್‌ಗಳೂ (ಕಂಪನವನ್ನು ಪ್ರತಿಫಲಿಸುವ ಪದರಗಳು) ತಗ್ಗಿಗೆ ಬಾಗಿವೆ. ರೆಸಿಡ್ಯುಯಲ್ ಸ್ಟ್ಯಾಟಿಕ್ಸ್ ಹಾಕಿದ ಮೇಲೆ ಗೆರೆಗಳು ಚೊಕ್ಕವಾದವು, ಬಾಗು ಮಾತ್ರ ಹಾಗೇ ಉಳಿಯಿತು. ಚಿತ್ರ ಇಷ್ಟು ಚೊಕ್ಕವಾಗಿ ಬಂದಿದೆ ಎಂದರೆ ಅದು ನಿಜವಾದ ರಚನೆಯೇ ಎನ್ನುತ್ತಾರೆ ನಮ್ಮ ಸೀನಿಯರ್. ಹೌದೇ? ಅಲ್ಲವಾದರೆ ಸರಿಪಡಿಸುವುದು ಹೇಗೆ? ಊರಿಗೆ ಬಂದಾಗ ಇಂಥದ್ದನ್ನು ಕೈಯಾರೆ ಅಳೆದು ಕಲಿಯುವ ದಾರಿ ನಮ್ಮ ಕಡೆ ಏನಾದರೂ ಇದೆಯೇ?

ಉತ್ತರ: ಚಿತ್ರ ಚೊಕ್ಕವಾಗಿದೆ ಎನ್ನುವುದೊಂದೇ ಆಧಾರವಾದರೆ ಆ ಮಾತನ್ನು ಒಪ್ಪಬೇಡಿ. ರೆಸಿಡ್ಯುಯಲ್ ಸ್ಟ್ಯಾಟಿಕ್ಸ್ ಅಕ್ಕಪಕ್ಕದ ಟ್ರೇಸ್‌ಗಳನ್ನು (ಒಂದೊಂದು ಜಿಯೋಫೋನಿನ ದಾಖಲೆಗಳನ್ನು) ಒಂದಕ್ಕೊಂದು ಹೊಂದಿಸುತ್ತದೆ. ಹಾಗೆ ಹೊಂದಿದ ಗೆರೆ ಎಷ್ಟು ಮಿಲಿಸೆಕೆಂಡಿನಲ್ಲಿ ಇರಬೇಕು ಎಂಬುದನ್ನು ಅದು ಹೇಳಲಾರದು. ನಿಮ್ಮ ಪತ್ರದಲ್ಲಿ ಎರಡು ಸಂಗತಿ ಎದ್ದು ಕಾಣುತ್ತವೆ: ಬಾಗು ಸರಿಯಾಗಿ ಗುಡ್ಡದ ಅಡಿಯಲ್ಲೇ ಇದೆ, ಮೇಲಿನಿಂದ ಆಳದವರೆಗಿನ ಪದರಗಳೆಲ್ಲ ಒಟ್ಟಿಗೇ ಬಾಗಿವೆ. ಇವೆರಡೂ ಜೊತೆಗೂಡಿದರೆ ನಾನು ಮೊದಲು ಅನುಮಾನಿಸುವುದು ಮರಳನ್ನು. ಅನುಮಾನ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಪರೀಕ್ಷೆ ನಿಮ್ಮ ಡೇಟಾದಲ್ಲೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಕೆಲಸದ ಪರಿಚಯ ಇಲ್ಲದ ಓದುಗರಿಗಾಗಿ ನಾಲ್ಕು ಮಾತು. ನೆಲದ ಮೇಲೆ ವೈಬ್ರೇಟರ್ ಲಾರಿಯಿಂದಲೋ ಸಣ್ಣ ಸ್ಫೋಟದಿಂದಲೋ ಕಂಪನ ಎಬ್ಬಿಸುತ್ತಾರೆ. ಅದು ಕೆಳಗಿಳಿದು, ಬಂಡೆಯ ಪದರಗಳಿಗೆ ಬಡಿದು ಮೇಲೆ ಬರುತ್ತದೆ. ನೆಲದಲ್ಲಿ ಸಾಲಾಗಿ ನೆಟ್ಟ ಜಿಯೋಫೋನ್‌ಗಳು ಅದು ಬಂದ ಹೊತ್ತನ್ನು ಬರೆದುಕೊಳ್ಳುತ್ತವೆ. ಅಳತೆ ಸಿಗುವುದು ಸಮಯದಲ್ಲಿ, ನಮಗೆ ಬೇಕಾದದ್ದು ಆಳ. ನೆಲದ ಮೇಲ್ಪದರದಲ್ಲಿ ಕಂಪನ ನಿಧಾನವಾಗಿ ಸಾಗಿದರೆ, ಆ ತಡವೆಲ್ಲ ಕೆಳಗಿನ ಪದರಗಳ ಲೆಕ್ಕಕ್ಕೆ ಸೇರಿ, ಅವು ಇರುವುದಕ್ಕಿಂತ ಆಳದಲ್ಲಿರುವಂತೆ ಕಾಣುತ್ತವೆ. ಆ ತಡವನ್ನು ಪ್ರತಿ ಜಾಗಕ್ಕೂ ಲೆಕ್ಕ ಹಾಕಿ ಕಳೆಯುವುದೇ ಸ್ಟ್ಯಾಟಿಕ್ ಕರೆಕ್ಷನ್.

ಮೇಲ್ಪದರದ ದಪ್ಪ ಒಂದೇ ಸಮ ಇರುವುದಿಲ್ಲ ಎನ್ನುವುದು ನಮ್ಮ ತುಮಕೂರು, ಕೋಲಾರದ ರೈತರಿಗೆ ಬೋರ್‌ವೆಲ್‌ನಿಂದಲೇ ಗೊತ್ತು. ‘ನಮ್ಮದಕ್ಕೆ 60 ಅಡಿ ಕೇಸಿಂಗ್ ಹೋಯ್ತು, ಪಕ್ಕದ ಹೊಲದಲ್ಲಿ 90’ ಎನ್ನುತ್ತಾರಲ್ಲ, ಅವರು ಹೇಳುತ್ತಿರುವುದು ಶಿಥಿಲ ಪದರದ ತಳ ಎಲ್ಲಿದೆ ಎಂಬುದನ್ನೇ. ಗರಸಿನಂತಾದ ಆ ಪದರದಲ್ಲಿ ಕಂಪನದ ವೇಗ ಸೆಕೆಂಡಿಗೆ 900 ಮೀಟರ್ ಇದ್ದು, ಕೆಳಗಿನ ಗಟ್ಟಿ ಗ್ರಾನೈಟ್‌ನಲ್ಲಿ 5,000 ಇದ್ದರೆ, ಆ 30 ಅಡಿ ಅಂದರೆ 9 ಮೀಟರ್ ವ್ಯತ್ಯಾಸಕ್ಕೆ ಸುಮಾರು 8 ಮಿಲಿಸೆಕೆಂಡ್ ತಡವಾಗುತ್ತದೆ. 1960ರ ದಶಕದ ಮಧ್ಯದಲ್ಲಿ ಬ್ರಿಟನ್ ನೆರವಿನಿಂದ ಗೌರಿಬಿದನೂರಿನಲ್ಲಿ ಎಲ್ ಆಕಾರದಲ್ಲಿ ಸೀಸ್ಮೋಮೀಟರ್‌ಗಳ ಸಾಲು ಹೂಡಿದರು. ದೂರದೇಶದ ಭೂಗತ ಅಣುಸ್ಫೋಟಗಳ ಕಂಪನ ಹಿಡಿಯುವ ಆ ಕೇಂದ್ರಕ್ಕೆ ಬೇಕಾಗಿದ್ದದ್ದು ಗದ್ದಲವಿಲ್ಲದ ಗಟ್ಟಿಬಂಡೆಯ ನೆಲ. ಅಷ್ಟು ಗಟ್ಟಿಬಂಡೆಯ ಮೇಲೆ ಕೂತರೂ ಒಂದೊಂದು ಜಾಗಕ್ಕೆ ಸಣ್ಣ ಸಮಯದ ತಿದ್ದುಪಡಿ ಮಾಡಿಯೇ ಎಲ್ಲವನ್ನೂ ಕೂಡಿಸಬೇಕು. ಅಲ್ಲಿ ಮಿಲಿಸೆಕೆಂಡುಗಳ ಲೆಕ್ಕದ ಸಣ್ಣ ತಿದ್ದುಪಡಿ. ಮರಳುದಿಬ್ಬದ ಮೇಲೆ ಅದು 50, 100 ಮಿಲಿಸೆಕೆಂಡಿಗೆ ಏರುತ್ತದೆ.

ಒಣಮರಳು ಏಕೆ ಅಷ್ಟು ನಿಧಾನ? ಕಣಗಳು ಒಂದನ್ನೊಂದು ಮುಟ್ಟುವುದು ಚುಕ್ಕೆಯಷ್ಟು ಜಾಗದಲ್ಲಿ. ಕಂಪನ ದಾಟಬೇಕಾದದ್ದು ಆ ಚುಕ್ಕೆಗಳ ಮೂಲಕವೇ. ದಿಬ್ಬದ ಮೇಲ್ಮೈಯಲ್ಲಿ ಕಣಗಳ ಮೇಲೆ ಭಾರವೇ ಇಲ್ಲ, ಸ್ಪರ್ಶ ಸಡಿಲ, ಹಾಗಾಗಿ ವೇಗ ಸೆಕೆಂಡಿಗೆ 200–300 ಮೀಟರ್ ಅಷ್ಟೇ. ಗಾಳಿಯಲ್ಲಿ ಶಬ್ದದ ವೇಗಕ್ಕಿಂತಲೂ ಕಡಿಮೆ! ಅಮೆರಿಕದ ಮರುಭೂಮಿಯ ಚೇಳು ಮರಳಿನ ಮೇಲ್ಮೈ ಅಲೆಯನ್ನು ಕಾಲಲ್ಲೇ ಗ್ರಹಿಸಿ ಬೇಟೆಯ ದಿಕ್ಕು ತಿಳಿಯುತ್ತದೆ ಎಂದು 1977ರಲ್ಲಿ ಫಿಲಿಪ್ ಬ್ರೌನೆಲ್ ತೋರಿಸಿದರು. ಆ ಅಲೆಯ ವೇಗವಂತೂ ಸೆಕೆಂಡಿಗೆ 50 ಮೀಟರ್ ಆಸುಪಾಸು. ಅಲೆ ಅಷ್ಟು ನಿಧಾನ ಇರುವುದರಿಂದಲೇ ಯಾವ ಕಾಲಿಗೆ ಮೊದಲು ಬಡಿಯಿತು ಎನ್ನುವುದು ಚೇಳಿಗೆ ತಿಳಿಯುತ್ತದೆ.

ಆಳಕ್ಕೆ ಹೋದಂತೆ ಮೇಲಿನ ಮರಳಿನ ಭಾರ ಕಣಗಳನ್ನು ಒತ್ತುತ್ತದೆ, ಸ್ಪರ್ಶದ ಜಾಗ ಅಗಲವಾಗುತ್ತದೆ, ವೇಗ ಏರುತ್ತದೆ. ಎರಡು ಗೋಳಗಳು ಒತ್ತಿಕೊಂಡಾಗ ಏನಾಗುತ್ತದೆ ಎಂಬ ಲೆಕ್ಕವನ್ನು 1880ರ ದಶಕದ ಆರಂಭದಲ್ಲೇ ಹೈನ್ರಿಖ್ ಹರ್ಟ್ಸ್ ಮಾಡಿಟ್ಟಿದ್ದರು, ರೇಡಿಯೋ ಅಲೆಗಳನ್ನು ಪತ್ತೆಮಾಡಿದ ಅದೇ ಹರ್ಟ್ಸ್. ಆ ಲೆಕ್ಕದ ಪ್ರಕಾರ ವೇಗ ಒತ್ತಡದ ಆರನೇ ಒಂದು ಘಾತಕ್ಕೆ ತಕ್ಕಂತೆ ಏರಬೇಕು. ಒತ್ತಡ ಕಡಿಮೆಯಿರುವ ಸಡಿಲ ಮರಳಿನಲ್ಲಿ ಅಳೆದಾಗ ಅದು ನಾಲ್ಕನೇ ಒಂದು ಘಾತದ ಹತ್ತಿರ ಬರುವುದೇ ಹೆಚ್ಚು. ಇದನ್ನು ಒತ್ತಿ ಹೇಳಲು ಕಾರಣವಿದೆ: ಮರಳಿಗೆ ಒಂದೇ ವೇಗ ಎನ್ನುವುದು ಇಲ್ಲ. ದಪ್ಪ ಬದಲಾದಂತೆ ಸರಾಸರಿ ವೇಗವೂ ಬದಲಾಗುತ್ತದೆ.

ನಿಮ್ಮ ಲೈನಿಗೇ ಒಂದು ಮಾದರಿ ಲೆಕ್ಕ ಮಾಡೋಣ. 10 ಮೀಟರ್ ದಪ್ಪದ ಮರಳಿಗೆ ಸರಾಸರಿ ವೇಗ 400 ಎಂದಿಟ್ಟುಕೊಳ್ಳಿ. ನಾಲ್ಕನೇ ಒಂದು ಘಾತದ ನಿಯಮ ಹಿಡಿದರೆ 60 ಮೀಟರ್ ದಪ್ಪಕ್ಕೆ ಅದು ಸುಮಾರು 625, 100 ಮೀಟರಿಗೆ 710 ಆಗುತ್ತದೆ. ಅಂದರೆ ಮರಳನ್ನು ಒಮ್ಮೆ ದಾಟಲು ಕ್ರಮವಾಗಿ 25, 96, 141 ಮಿಲಿಸೆಕೆಂಡ್ ಬೇಕು. ನೀವು ಹಾಕಿದ ಎಲಿವೇಶನ್ ಸ್ಟ್ಯಾಟಿಕ್ಸ್ ಏನು ಮಾಡುತ್ತದೆ? ಮೇಲ್ಮೈಯಿಂದ ಡೇಟಮ್ ಎನ್ನುವ ಆಧಾರಮಟ್ಟದವರೆಗೆ ಇರುವುದೆಲ್ಲ 2,000 ಮೀಟರ್ ವೇಗದ ಬಂಡೆ ಎಂದು ಭಾವಿಸಿ 60 ಮೀಟರಿಗೆ 30 ಮಿಲಿಸೆಕೆಂಡ್ ಮಾತ್ರ ಕಳೆಯುತ್ತದೆ. ಇನ್ನೂ 66 ಮಿಲಿಸೆಕೆಂಡ್ ಹಾಗೇ ಉಳಿಯಿತು. ಸೋರ್ಸ್ ಮತ್ತು ಜಿಯೋಫೋನ್ ಎರಡೂ ನೆತ್ತಿಯ ಹತ್ತಿರವಿದ್ದರೆ ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ, ಒಟ್ಟು 132. ಬಂಡೆಯಲ್ಲಿ ಸೆಕೆಂಡಿಗೆ 3,000 ಮೀಟರ್ ವೇಗ ಎಂದುಕೊಂಡರೆ ಇದು ಸುಮಾರು 200 ಮೀಟರ್ ಆಳದ ಸುಳ್ಳು ತಗ್ಗು. ತೈಲ ಹುಡುಕುವವರು 30 ಮೀಟರ್ ಎತ್ತರದ ಉಬ್ಬಿಗೂ ಬಾವಿ ತೋಡುವ ಬಗ್ಗೆ ಯೋಚಿಸುತ್ತಾರೆ ಎನ್ನುವುದು ನೆನಪಿರಲಿ.

‘ಹಾಗಾದರೆ ಮರಳಿಗೆ 625ರ ವೇಗ ಕೊಟ್ಟುಬಿಡೋಣ’ ಎನ್ನುತ್ತೀರಿ. ಅದು ಇನ್ನೂ ಅಪಾಯ. 60 ಮೀಟರ್ ಇರುವಲ್ಲಿ ಸರಿಹೋಗುತ್ತದೆ. 10 ಮೀಟರ್ ಇರುವ ಅಂಚಿನಲ್ಲಿ 25ರ ಬದಲು 16 ಕಳೆದು, ಹೋಗುವಾಗ ಬರುವಾಗ ಸೇರಿ 18 ಮಿಲಿಸೆಕೆಂಡ್ ತಡ ಉಳಿಯುತ್ತದೆ. ಮುಂದಿನ ಗುಡ್ಡ 100 ಮೀಟರ್ ಇದ್ದರೆ 141ರ ಬದಲು 160 ಕಳೆದು, ಎರಡೂ ಕಡೆ ಸೇರಿ 38 ಮಿಲಿಸೆಕೆಂಡ್ ಹೆಚ್ಚಾಗುತ್ತದೆ. ಅಂಚು ತಗ್ಗಿತು, ನೆತ್ತಿ ಉಬ್ಬಿತು. ಒಟ್ಟು 56 ಮಿಲಿಸೆಕೆಂಡ್, ಅಂದರೆ 80 ಮೀಟರಿಗೂ ಮಿಕ್ಕಿದ ಒಂದು ಸೊಗಸಾದ ಗುಮ್ಮಟ ದಿಬ್ಬದ ಅಡಿಯಲ್ಲಿ ತಾನಾಗಿ ಹುಟ್ಟಿಕೊಳ್ಳುತ್ತದೆ. ತಗ್ಗು ಕಂಡರೆ ಯಾರೂ ಬಾವಿ ತೋಡುವುದಿಲ್ಲ, ಗುಮ್ಮಟ ಕಂಡರೆ ತೋಡುತ್ತಾರೆ. ಹಾಗಾಗಿ ಅರ್ಧ ತಿದ್ದಿದ ಡೇಟಾ ತಿದ್ದದ ಡೇಟಾಕ್ಕಿಂತ ದುಬಾರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ರೆಸಿಡ್ಯುಯಲ್ ಸ್ಟ್ಯಾಟಿಕ್ಸ್ ಏಕೆ ಇದನ್ನು ಹಿಡಿಯಲಿಲ್ಲ? ಆ ವಿಧಾನ ನೋಡುವುದು ಸೋರ್ಸ್ ಮತ್ತು ಜಿಯೋಫೋನ್ ನಡುವಿನ ಒಂದೇ ನಡುಬಿಂದುವಿಗೆ ಸೇರಿದ ಟ್ರೇಸ್‌ಗಳ ನಡುವಿನ ವ್ಯತ್ಯಾಸವನ್ನು. ನಿಮ್ಮ ಗುಡ್ಡ 5 ಕಿ.ಮೀ. ಅಗಲ, ಆಫ್‌ಸೆಟ್ 3 ಕಿ.ಮೀ. ನೆತ್ತಿಯ ಕೆಳಗಿನ ನಡುಬಿಂದುವಿಗೆ ಸೇರಿದ ಪ್ರತಿಯೊಂದು ಸೋರ್ಸ್, ಪ್ರತಿಯೊಂದು ಜಿಯೋಫೋನ್ ಗುಡ್ಡದ ಮೇಲೇ ಇದೆ. ಎಲ್ಲ ಟ್ರೇಸ್‌ಗಳೂ ಒಟ್ಟಿಗೇ ತಡವಾದಾಗ ಹೋಲಿಸಿ ನೋಡಲು ತಡವಾಗದ ಟ್ರೇಸೇ ಇಲ್ಲ.

ಪೂರ್ತಿ ವ್ಯತ್ಯಾಸ ಇಲ್ಲ ಎಂದಲ್ಲ. ಗುಡ್ಡದ ಆಕಾರ ಸರಳವಾದ ಕಮಾನು ಎಂದುಕೊಂಡರೆ, ನೆತ್ತಿಯಿಂದ 1.5 ಕಿ.ಮೀ. ಆಚೀಚೆ ಮರಳು ಸುಮಾರು 38 ಮೀಟರ್. ಹಾಗಾಗಿ 3 ಕಿ.ಮೀ. ಆಫ್‌ಸೆಟ್ಟಿನ ಟ್ರೇಸ್ 98 ಮಿಲಿಸೆಕೆಂಡ್ ಮಾತ್ರ ತಡ, ಹತ್ತಿರದ್ದು 132. ಈ 34 ಮಿಲಿಸೆಕೆಂಡ್ ಎಲ್ಲಿಗೆ ಹೋಯಿತು? ನಿಮ್ಮ ವೆಲಾಸಿಟಿ ಅನಾಲಿಸಿಸ್, ಅಂದರೆ ಆಫ್‌ಸೆಟ್ ಹೆಚ್ಚಿದಂತೆ ಆಗುವ ತಡದಿಂದ ಬಂಡೆಯ ವೇಗವನ್ನು ಆಯುವ ಹಂತ, ಅದನ್ನು ನುಂಗಿಬಿಟ್ಟಿದೆ. ದೂರದ ಟ್ರೇಸ್ ಸ್ವಲ್ಪ ಬೇಗ ಬಂದಂತೆ ಕಂಡು, ಆ ಜಾಗಕ್ಕೆ ಶೇ. 2–3ರಷ್ಟು ಹೆಚ್ಚಿನ ವೇಗ ಆಯ್ಕೆ (ಪಿಕ್) ಆಗಿರುತ್ತದೆ. 1.5 ಸೆಕೆಂಡಿನ ರಿಫ್ಲೆಕ್ಟರಿಗೆ 3,000ದ ಬದಲು 3,075ರ ಆಸುಪಾಸು ಬರೆದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಗ್ಯಾದರ್ (ಒಂದು ನಡುಬಿಂದುವಿನ ಟ್ರೇಸ್‌ಗಳ ಗುಂಪು) ನೆಟ್ಟಗಾಗುತ್ತದೆ, ಸ್ಟ್ಯಾಕ್ (ಅವನ್ನು ಕೂಡಿಸಿದ ಚಿತ್ರ) ಚೊಕ್ಕವಾಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ. ನಿಮ್ಮ ವೆಲಾಸಿಟಿ ಪಿಕ್‌ಗಳನ್ನು ಲೈನಿನುದ್ದಕ್ಕೂ ಒಂದು ಗ್ರಾಫ್ ಮಾಡಿ, ಅದರ ಮೇಲೆ ನೆಲದ ಎತ್ತರದ ಗೆರೆ ಎಳೆಯಿರಿ. ಎರಡೂ ಒಟ್ಟಿಗೆ ಏರಿ ಇಳಿದರೆ ಅದು ಬಂಡೆಯ ಗುಣವಲ್ಲ. 1,500 ಮೀಟರಿಗೂ ಹೆಚ್ಚು ಕೆಳಗಿರುವ ಬಂಡೆಗೆ ಮೇಲೆ ಗಾಳಿ ಎಲ್ಲಿ ಮರಳು ಗುಡ್ಡೆ ಹಾಕಿದೆ ಎಂಬುದರ ಪರಿವೆ ಇರುವುದಿಲ್ಲ.

ಈಗ ಆ ಪರೀಕ್ಷೆ. ಇದನ್ನು ನಾಳೆಯೇ ಮಾಡಬಹುದು. ನೀವು ಪಿಕ್ ಮಾಡಿದ ವೆಲಾಸಿಟಿಯನ್ನು ಬದಿಗಿಟ್ಟು, ಇಡೀ ಲೈನಿಗೆ ನಯವಾದ ಒಂದೇ ವೆಲಾಸಿಟಿ ಹಾಕಿ ಎರಡು ಸ್ಟ್ಯಾಕ್ ತೆಗೆಯಿರಿ: ಒಂದು 500 ಮೀಟರಿನೊಳಗಿನ ಆಫ್‌ಸೆಟ್‌ಗಳದ್ದು, ಇನ್ನೊಂದು 2.5ರಿಂದ 3 ಕಿ.ಮೀ. ಆಫ್‌ಸೆಟ್‌ಗಳದ್ದು. ಬಂಡೆ ನಿಜವಾಗಿಯೂ ಬಾಗಿದ್ದರೆ ಎರಡರಲ್ಲೂ ಬಾಗು ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅಷ್ಟೇ ಆಳ, ಅಷ್ಟೇ ಅಗಲ ಇರುತ್ತದೆ. ಮರಳಿನ ತಡವಾದರೆ ಹತ್ತಿರದ ಸ್ಟ್ಯಾಕಿನಲ್ಲಿ ಬಾಗು ಆಳ ಮತ್ತು ಕಿರಿದು. ದೂರದ ಸ್ಟ್ಯಾಕಿನಲ್ಲಿ ಅದು ಮೇಲೇರಿ ಅಗಲವಾಗುತ್ತದೆ, 5 ಕಿ.ಮೀ. ಇದ್ದದ್ದು ಸುಮಾರು 8 ಕಿ.ಮೀ.ಗೆ ಹರಡುತ್ತದೆ. ಏಕೆಂದರೆ ಗುಡ್ಡ ಈಗ ಒಮ್ಮೆ ಸೋರ್ಸಿನ ಅಡಿಗೆ, ಒಮ್ಮೆ ಜಿಯೋಫೋನಿನ ಅಡಿಗೆ ಸಿಗುತ್ತದೆ, ನಡುಬಿಂದು ಗುಡ್ಡದಿಂದ ಆಚೆ ಇದ್ದಾಗಲೂ. ಜೊತೆಗೆ 0.8 ಸೆಕೆಂಡಿನ ಪದರದಲ್ಲೂ 2 ಸೆಕೆಂಡಿನ ಪದರದಲ್ಲೂ ಬಾಗು ಎಷ್ಟು ಮಿಲಿಸೆಕೆಂಡ್ ಎಂದು ಅಳೆಯಿರಿ. ನಿಜವಾದ ಮಡಿಕೆ ಆಳಕ್ಕೆ ಹೋದಂತೆ ಬದಲಾಗುವುದೇ ವಾಡಿಕೆ. ಎರಡೂ ಕಡೆ ಒಂದೇ ಅಂಕಿ ಬಂದರೆ ಸೀನಿಯರ್ ಮುಂದೆ ಇಡಲು ಅಷ್ಟು ಸಾಕು. ಮಾತಿನಲ್ಲಿ ವಾದ ಮಾಡುವ ಬದಲು ಈ ಎರಡು ಸ್ಟ್ಯಾಕ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ. ಅನುಭವಸ್ಥರು ನೋಡಿದ ಕೂಡಲೇ ಹಿಡಿಯುತ್ತಾರೆ.

ಸರಿಪಡಿಸುವ ಕೆಲಸಕ್ಕೆ ಎರಡೇ ವಿಷಯ ಗೊತ್ತಾಗಬೇಕು: ಮರಳಿನ ತಳ ಎಲ್ಲಿದೆ, ಎಷ್ಟು ದಪ್ಪಕ್ಕೆ ಎಷ್ಟು ತಡ.

ತಳ ಮೊದಲು. ನಿಮಗಿರುವ ಅನುಕೂಲ ಏನೆಂದರೆ ದಿಬ್ಬಗಳ ನಡುವಿನ ಬಯಲಿನಲ್ಲಿ ತಳ ಬರಿಗಣ್ಣಿಗೇ ಕಾಣುತ್ತದೆ. ರುಬ್ ಅಲ್ ಖಾಲಿಯ ಪೂರ್ವಭಾಗದಲ್ಲಿ ದಿಬ್ಬಗಳ ನಡುವೆ ಸಬ್ಖಾ ಎನ್ನುವ ಚಪ್ಪಟೆ ಉಪ್ಪುಬಯಲುಗಳಿವೆ. ಶೈಬಾ ತೈಲಕ್ಷೇತ್ರ ಇರುವುದು ಅಂಥ ಜಾಗದಲ್ಲೇ. 1968ರಲ್ಲಿ ಪತ್ತೆಯಾದ ಆ ಕ್ಷೇತ್ರದಿಂದ ತೈಲ ತೆಗೆಯಲು ಶುರುಮಾಡಿದ್ದು 1998ರಲ್ಲಿ. ಮೊದಲು ದಿಬ್ಬಗಳ ನಡುವೆ ರಸ್ತೆ, ವಿಮಾನದಾರಿ ಆಗಬೇಕಿತ್ತು. ಗಾಳಿ ಒಣಮರಳನ್ನು ಮಾತ್ರ ಎತ್ತಿಕೊಂಡು ಹೋಗಬಲ್ಲದು, ಅಂತರ್ಜಲದಿಂದ ಒದ್ದೆಯಾದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಸಬ್ಖಾ ಇರುವ ಕಡೆ ಮರಳಿನ ತಳ ಬಹುಮಟ್ಟಿಗೆ ಸಪಾಟು. ನಿಮ್ಮ ಲೈನಿನ ಎರಡೂ ಬದಿಯ ಬಯಲುಗಳ ಎತ್ತರ ತೆಗೆದುಕೊಂಡು ಗುಡ್ಡದ ಅಡಿಯಲ್ಲಿ ನಯವಾದ ಮೇಲ್ಮೈ ಎಳೆಯಬಹುದು. ಲೈನಿನ ಬಿಂದುಗಳು ಸಾಲದು, ಅಕ್ಕಪಕ್ಕದ ಹತ್ತಾರು ಕಿ.ಮೀ. ವ್ಯಾಪ್ತಿಯ ಬಯಲುಗಳನ್ನೂ ಸೇರಿಸಿ. ಸಬ್ಖಾ ಬದಲು ಜಲ್ಲಿ ಬಯಲೋ ಹಳೆಯ ಗಟ್ಟಿಗೊಂಡ ದಿಬ್ಬವೋ ಇದ್ದರೆ ತಳ ಏರುತಗ್ಗು ಇರಬಹುದು, ಅಲ್ಲಿ ಈ ನಂಬಿಕೆ ಕೈಕೊಡುತ್ತದೆ. ನಮ್ಮ ಜೈಸಲ್ಮೇರ್ ಕಡೆ ದಿಬ್ಬಗಳು ಚಿಕ್ಕವಾದರೂ ಒಳಗೆ ಸುಣ್ಣಗಟ್ಟಿದ ಕಂಕರಿನ ಪದರ ಸಿಕ್ಕಿ ಲೆಕ್ಕ ತಪ್ಪಿಸುವುದುಂಟು.

ಎತ್ತರದ ವಿಷಯದಲ್ಲಿ ಒಂದು ಎಚ್ಚರ. ವೈಬ್ರೇಟರ್ ಲಾರಿ ಹತ್ತಲೆಂದು ಬುಲ್‌ಡೋಜರ್ ದಿಬ್ಬದ ನೆತ್ತಿ ಕಡಿದು ದಾರಿ ಮಾಡಿರುತ್ತದೆ. ಉಪಗ್ರಹದ ಎತ್ತರದ ನಕ್ಷೆಗಳಲ್ಲಿ ಅದು ಇರುವುದಿಲ್ಲ. ಬಹಳ ಮಂದಿ ಬಳಸುವ ಎಸ್‌ಆರ್‌ಟಿಎಂ ನಕ್ಷೆಯ ಅಳತೆ ನಡೆದದ್ದು 2000ದ ಫೆಬ್ರವರಿಯಲ್ಲಿ. ಸಣ್ಣ ದಿಬ್ಬಗಳು ಆಮೇಲೆ ಎಷ್ಟೋ ದೂರ ಸರಿದಿರುತ್ತವೆ. ಮೇಲಿನ ಸಡಿಲ ಮರಳಿನಲ್ಲಿ 1 ಮೀಟರ್ ಲೆಕ್ಕ ತಪ್ಪಿದರೆ 3–4 ಮಿಲಿಸೆಕೆಂಡ್ ಹೋಯಿತು. ದಾರಿ ಕಡಿದ ಮೇಲೆ, ಶೂಟ್ ಮಾಡಿದ ಹೊತ್ತಿನಲ್ಲಿ ಸರ್ವೆಯವರು ತೆಗೆದ ಎತ್ತರವನ್ನೇ ಬಳಸಿ.

ಎರಡನೆಯದು ತಡದ ಗ್ರಾಫ್. ಇದನ್ನು ಸ್ಯಾಂಡ್ ಕರ್ವ್ ಎನ್ನುತ್ತಾರೆ. ಇದು ಬರುವುದು ಅಪ್‌ಹೋಲ್ ಸರ್ವೆಯಿಂದ: ದಿಬ್ಬದಲ್ಲಿ ತಳದವರೆಗೆ ಬೋರ್ ಹಾಕಿ, ಒಳಗೆ ಬೇರೆ ಬೇರೆ ಆಳದಿಂದ ಮೇಲಕ್ಕೆ ಕಂಪನ ಬರಲು ಎಷ್ಟು ಹೊತ್ತು ಎಂದು ಅಳೆಯುತ್ತಾರೆ. ನೆತ್ತಿ, ನಡು, ಅಂಚು, ಹೀಗೆ ಬೇರೆ ಬೇರೆ ದಪ್ಪದ ಜಾಗಗಳ ಅಪ್‌ಹೋಲ್‌ಗಳನ್ನು ಒಂದೇ ಗ್ರಾಫಿನಲ್ಲಿ ಹಾಕಿದರೆ ದಪ್ಪಕ್ಕೆ ತಕ್ಕ ತಡದ ಒಂದು ಬಾಗುಗೆರೆ ಸಿಗುತ್ತದೆ. ಮೊದಮೊದಲು ಕಡಿದಾಗಿ ಏರಿ, ದಪ್ಪ ಹೆಚ್ಚಿದಂತೆ ಇಳಿಜಾರು ಕಡಿಮೆಯಾಗುವ ಗೆರೆ. ನಿಮ್ಮ ಫೈಲಿನಲ್ಲಿ ಅಪ್‌ಹೋಲ್ ವರದಿಗಳಿದ್ದರೆ ಒಂದೊಂದನ್ನೂ ನೀವೇ ಮತ್ತೆ ಓದಿ, ಯಾರೋ ಹಾಕಿಟ್ಟ ಸಾರಾಂಶದ ಅಂಕಿಯನ್ನು ನೆಚ್ಚಬೇಡಿ. ಮುಖ್ಯವಾಗಿ ಕೇಸಿಂಗ್ ನೋಡಿ. ಸಡಿಲ ಮರಳಿನಲ್ಲಿ ಬೋರ್ ನಿಲ್ಲುವುದಿಲ್ಲ, ಕುಸಿಯುತ್ತದೆ, ಪೈಪ್ ಇಳಿಸಲೇಬೇಕು. ಕಬ್ಬಿಣದ ಪೈಪ್ ಆದರೆ ಕಂಪನ ಮರಳನ್ನು ಬಿಟ್ಟು ಪೈಪಿನಲ್ಲೇ ಸೆಕೆಂಡಿಗೆ 5,000 ಮೀಟರಿನಂತೆ ಓಡಿ ಮೊದಲು ಬಂದುಬಿಡುತ್ತದೆ. ಎಲ್ಲ ಆಳಕ್ಕೂ ಹೆಚ್ಚುಕಡಿಮೆ ಒಂದೇ ಸಮಯ ಬರೆದಿರುವ ಅಪ್‌ಹೋಲ್ ಕಂಡರೆ ಅದು ಪೈಪಿನ ಅಳತೆ, ಅದನ್ನು ತೆಗೆದುಹಾಕಿ. ಇನ್ನೊಂದು, ಗ್ರಾಫಿನಲ್ಲಿ ಅಪ್‌ಹೋಲ್ ಇರುವ ದಪ್ಪದಾಚೆಗೆ ಗೆರೆಯನ್ನು ಎಳೆಯಬೇಡಿ. 40 ಮೀಟರಿನವರೆಗಿನ ಅಳತೆ ಇಟ್ಟುಕೊಂಡು 100 ಮೀಟರಿನ ದಿಬ್ಬ ತಿದ್ದುವುದೆಂದರೆ ಮೇಲೆ ಹೇಳಿದ ಗುಮ್ಮಟಕ್ಕೆ ಆಹ್ವಾನ ಕೊಟ್ಟಂತೆ.

ಖರ್ಚು ಉಳಿಸಲೆಂದು ಸರ್ವೆ ಯೋಜನೆಯಲ್ಲಿ ಮೊದಲು ಕತ್ತರಿ ಬೀಳುವುದು ಅಪ್‌ಹೋಲ್‌ಗಳಿಗೇ. ನನಗೆ ಇದು ಬಹಳ ಬೇಸರದ ಸಂಗತಿ. ಒಂದು ಒಣ ತೈಲಬಾವಿಯ ಖರ್ಚಿನ ಮುಂದೆ ನಾಲ್ಕು ಅಪ್‌ಹೋಲ್ ಏನೂ ಅಲ್ಲ. ನಿಮ್ಮ ಲೈನಿನ ಗುಡ್ಡದ ನೆತ್ತಿಯಲ್ಲಿ ಒಂದಾದರೂ ಇಲ್ಲದಿದ್ದರೆ ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಇವೆರಡೂ ಕೈಗೆ ಬಂದ ಮೇಲೆ ಲೆಕ್ಕ ಸುಲಭ. ಪ್ರತಿ ಸೋರ್ಸ್, ಪ್ರತಿ ಜಿಯೋಫೋನ್ ಅಡಿಯ ಮರಳಿನ ದಪ್ಪಕ್ಕೆ ತಕ್ಕ ತಡವನ್ನು ಗ್ರಾಫಿನಿಂದ ಓದಿ ಕಳೆಯಿರಿ. ಈಗ ಮರಳು ಹೋಗಿ, ಎಲ್ಲ ತಳದ ಮೇಲೆ ಕೂತಂತಾಯಿತು. ಅಲ್ಲಿಂದ ಡೇಟಮ್‌ಗೆ 2,000ದ ವೇಗದಲ್ಲಿ ಸರಿಸಿ. ಆಮೇಲೆ ವೆಲಾಸಿಟಿಯನ್ನು ಹೊಸದಾಗಿ ಪಿಕ್ ಮಾಡಿ, ಹಳೆಯ ಪಿಕ್‌ಗಳಲ್ಲಿ ಮರಳಿನ ತಪ್ಪು ಸೇರಿಕೊಂಡಿದೆ. ಫಸ್ಟ್ ಬ್ರೇಕ್‌ಗಳನ್ನು (ಪ್ರತಿ ಟ್ರೇಸಿಗೆ ಮೊದಲು ಬಂದ ಅಲೆಯ ಸಮಯಗಳನ್ನು) ಪಿಕ್ ಮಾಡಿ, ಅವುಗಳಿಂದ ಮೇಲ್ಪದರವನ್ನು ಲೆಕ್ಕ ಹಾಕುವ ರಿಫ್ರಾಕ್ಷನ್ ಸ್ಟ್ಯಾಟಿಕ್ಸನ್ನೋ ಟೊಮೋಗ್ರಫಿಯನ್ನೋ ನಡೆಸುವುದು ಇದಕ್ಕೆ ಪೂರಕ. ತಳದ ಏರುತಗ್ಗು ಅದರಿಂದ ಸಿಗುತ್ತದೆ. ಮರಳೊಳಗಿನ ವೇಗವನ್ನು ಮಾತ್ರ ಅದರಿಂದ ಹಿಡಿಯುವುದು ಕಷ್ಟ. ಜಿಯೋಫೋನ್‌ಗಳ ಅಂತರ 25, 50 ಮೀಟರ್ ಇರುವಾಗ ಮರಳಿನಲ್ಲೇ ಸಾಗಿ ಮೊದಲು ಬರುವ ಅಲೆ ಬೆರಳೆಣಿಕೆಯ ಟ್ರೇಸ್‌ಗಳಲ್ಲಿ ಮಾತ್ರ ಇರುತ್ತದೆ. ತಿದ್ದಿದ ಮೇಲೆ ಫಸ್ಟ್ ಬ್ರೇಕ್‌ಗಳ ಸಾಲು ಗುಡ್ಡವನ್ನು ದಾಟುವಾಗ ನೆಟ್ಟಗಿದೆಯೇ ನೋಡಿ, ಅದೇ ಒಳ್ಳೆಯ ತಾಳೆ. ರೆಸಿಡ್ಯುಯಲ್ ಸ್ಟ್ಯಾಟಿಕ್ಸ್ ಬರಬೇಕಾದ್ದು ಈ ಎಲ್ಲ ಆದ ಮೇಲೆ, ಅದೂ ಚಿಕ್ಕ ಮಿತಿಯೊಳಗೆ. 30 ಹರ್ಟ್ಸ್ ಅಲೆಯ ಒಂದು ಸುತ್ತು 33 ಮಿಲಿಸೆಕೆಂಡ್. ಅದಕ್ಕೆ 60, 70 ಮಿಲಿಸೆಕೆಂಡಿನ ಸ್ವಾತಂತ್ರ್ಯ ಕೊಟ್ಟರೆ ಪಕ್ಕದ ಸುತ್ತಿಗೆ ಹಾರಿ ಕೂತು ಸರಿಹೋಯಿತು ಎನ್ನುತ್ತದೆ.

ಕಂಪನ ಮರಳಿನಲ್ಲಿ ಓರೆಯಾಗಿ ಸಾಗಿದರೆ ಹೀಗೆ ನೆಟ್ಟಗೆ ಸಮಯ ಕಳೆಯುವುದು ಸರಿಯೇ ಎಂದು ನೀವು ಕೇಳಬಹುದು. 2,000ದ ವೇಗದ ಪದರದಿಂದ 30 ಡಿಗ್ರಿ ಓರೆಯಲ್ಲಿ ಬಂದ ಅಲೆ 400ರ ಮರಳಿಗೆ ಹೊಕ್ಕಾಗ 6 ಡಿಗ್ರಿಗಿಂತ ಕಡಿಮೆ ಓರೆಗೆ ತಿರುಗುತ್ತದೆ. ಮರಳು ನಿಧಾನವಾಗಿರುವುದೇ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ಗಾಳಿಯ ಮರೆಯ ಕಡೆಯ ಕಡಿದಾದ ಮುಖದಲ್ಲಿ, ಅಲ್ಲಿನ ಇಳಿಜಾರು 33 ಡಿಗ್ರಿ ಆಸುಪಾಸು, ಈ ಸರಳ ಲೆಕ್ಕ ಸಡಿಲವಾಗುತ್ತದೆ. 200 ಮೀಟರ್ ದಾಟಿದ ದೈತ್ಯ ದಿಬ್ಬಗಳಲ್ಲೂ ಹಾಗೆಯೇ. ಅಲ್ಲಿ ಸ್ಟ್ಯಾಟಿಕ್ಸ್ ಬಿಟ್ಟು ನೆಲದ ಮೇಲ್ಮೈಯಿಂದಲೇ ಡೆಪ್ತ್ ಮೈಗ್ರೇಶನ್ (ಅಲೆ ಸಾಗಿದ ನಿಜವಾದ ದಾರಿ ಹಿಡಿದು ಪದರಗಳನ್ನು ಆಳದಲ್ಲಿ ಕೂರಿಸುವ ಲೆಕ್ಕ) ಮಾಡುವುದು ಲೇಸು. ನಿಮ್ಮ 60 ಮೀಟರಿಗೆ ಅದರ ಅಗತ್ಯ ಕಾಣುವುದಿಲ್ಲ. ಮರಳು ಹೆಚ್ಚಿನ ಆವರ್ತನಗಳನ್ನು ಹೀರಿಕೊಳ್ಳುವುದು, ಮೇಲ್ಮೈ ಅಲೆಗಳ ಗದ್ದಲ, ದಿಬ್ಬದೊಳಗೇ ಮರುಕಳಿಸುವ ಕಂಪನ, ಇವು ಬೇರೆ ಸಮಸ್ಯೆಗಳು, ಸಮಯ ಸರಿಸಿದರೆ ಹೋಗುವಂಥವಲ್ಲ.

ಕೊನೆಯ ಪ್ರಶ್ನೆ, ಊರಿನಲ್ಲಿ ಕಲಿಯುವ ಬಗ್ಗೆ. ಮರುಭೂಮಿ ನಮ್ಮಲ್ಲಿಲ್ಲ, ಒಣಮರಳು ಇದೆ. ಏಪ್ರಿಲ್ ಹೊತ್ತಿಗೆ ಕೊರಟಗೆರೆ, ಮಧುಗಿರಿ ಕಡೆ ಜಯಮಂಗಲಿ ನದಿಯ ಪಾತ್ರದಲ್ಲಿ ಗಣಿಗಾರಿಕೆಯ ಗುಂಡಿಗಳಿಲ್ಲದ ಒಂದು ಮರಳಹಾಸು ಹುಡುಕಿ. ನೀವು ಓದಿದ ವಿಭಾಗದಲ್ಲಿ 24 ಚಾನೆಲ್‌ನ ಸೀಸ್ಮೋಗ್ರಾಫ್ ಇದ್ದರೆ ಕೇಳಿ ಪಡೆಯಿರಿ. ಜಿಯೋಫೋನ್‌ಗಳನ್ನು 1 ಮೀಟರಿಗೊಂದರಂತೆ, ಮೇಲಿನ ಸಡಿಲ ಮರಳು ಸರಿಸಿ, ಗೇಣು ಆಳಕ್ಕೆ ನೆಟ್ಟು ಮುಚ್ಚಿ. ಕಬ್ಬಿಣದ ತಟ್ಟೆಯನ್ನು ಚೆನ್ನಾಗಿ ಕೂರಿಸಿ ಸಮ್ಮಟಿಗೆಯಿಂದ ಹೊಡೆಯಿರಿ. ಒಂದೇ ಜಾಗದಲ್ಲಿ ಹಲವು ಏಟು ಹೊಡೆದು ಕೂಡಿಸಿದರೆ ಗದ್ದಲ ಅಡಗುತ್ತದೆ. ರೆಕಾರ್ಡಿನಲ್ಲಿ ಸೆಕೆಂಡಿಗೆ 350 ಮೀಟರಿನ ಒಂದು ನೇರಗೆರೆ ಕಾಣುತ್ತದೆ, ಅದು ಗಾಳಿಯಲ್ಲಿ ಬಂದ ಏಟಿನ ಶಬ್ದ. ಅದನ್ನು ಪಿಕ್ ಮಾಡಬೇಡಿ. ಮರಳಿನ ಅಲೆ ಹತ್ತಿರದ ಜಿಯೋಫೋನ್‌ಗಳಲ್ಲಿ ಅದಕ್ಕಿಂತ ಹಿಂದೆ ಬೀಳುತ್ತದೆ, ಗೆರೆ ನೇರವಿರದೆ ಬಾಗಿರುತ್ತದೆ. ಆ ಬಾಗೇ ಆಳದೊಂದಿಗೆ ಏರುವ ವೇಗ. ಸ್ವಲ್ಪ ದೂರದಲ್ಲಿ ಗೆರೆ ಥಟ್ಟನೆ 1,500ರ ವೇಗಕ್ಕೆ ಮುರಿಯುತ್ತದೆ, ಅಲ್ಲಿ ಅಲೆ ನೀರು ತುಂಬಿದ ಮರಳನ್ನು ಮುಟ್ಟಿದೆ. ಹತ್ತಿರದಲ್ಲಿ ತಲಪರಿಗೆ (ಮರಳಿನಲ್ಲಿ ನೀರು ಜಿನುಗುವ ಊಟೆ) ಇದ್ದರೆ ಅದರ ನೀರಿನ ಮಟ್ಟದ ಜೊತೆ ತಾಳೆ ನೋಡಬಹುದು. ತಲಪರಿಗೆಯ ಒಳಗೆ, ಅಂಚಿನಲ್ಲಿ ಏನೂ ಅಗೆಯಬೇಡಿ, ಈಗ ಉಳಿದಿರುವುದೇ ಕಡಿಮೆ.

ಆಮೇಲೆ ಪುಟ್ಟ ಅಪ್‌ಹೋಲ್ ಒಂದನ್ನು ಮಾಡಿ. ಕೈ ಆಗರ್‌ನಿಂದ (ಕೈಯಲ್ಲಿ ತಿರುಗಿಸುವ ಬೈರಿಗೆಯಿಂದ) ನೀರು ಸಿಗುವವರೆಗೆ ತೂತು ಕೊರೆದು ಪಿವಿಸಿ ಪೈಪ್ ಇಳಿಸಿ, ಕೋಲಿನ ತುದಿಗೆ ಕಟ್ಟಿದ ಜಿಯೋಫೋನನ್ನು ಅರ್ಧರ್ಧ ಮೀಟರ್ ಇಳಿಸುತ್ತಾ ಮೇಲಿನಿಂದ ಹೊಡೆಯಿರಿ. ಬಂದ ಸಮಯ, ಆಳ ಎರಡನ್ನೂ ಲಾಗ್ ಗ್ರಾಫಿನಲ್ಲಿ ಹಾಕಿ ಇಳಿಜಾರು ಅಳೆಯಿರಿ. ಆರನೇ ಒಂದು ಘಾತದ ನಿಯಮವಾದರೆ ಅದು 0.83 ಬರಬೇಕು, ನಾಲ್ಕನೇ ಒಂದಾದರೆ 0.75. ಹೊಳೆಮರಳು ದಿಬ್ಬದ ಮರಳಿಗಿಂತ ದಪ್ಪ, ಕಣಗಳ ಗಾತ್ರವೂ ಒಂದೇ ಸಮ ಇರುವುದಿಲ್ಲ, ಒಂದಡಿ ಕೆಳಗೆ ತೇವವೂ ಇರುತ್ತದೆ. ಹಾಗಾಗಿ ನಿಮ್ಮ ಅಂಕಿ ಇವೆರಡರ ಮೇಲೆ ಕರಾರುವಾಕ್ಕಾಗಿ ಕೂರದಿದ್ದರೆ ಮೊದಲು ಪ್ರತಿ ಅರ್ಧ ಮೀಟರಿನ ಮರಳನ್ನು ಕೈಯಲ್ಲಿ ಹಿಂಡಿ ಎಲ್ಲಿಂದ ತೇವ ಶುರುವಾಗಿದೆ ಎಂದು ಬರೆದುಕೊಳ್ಳಿ, ಅದರ ಮೇಲಿನ ಭಾಗಕ್ಕೆ ಮಾತ್ರ ಗೆರೆ ಎಳೆಯಿರಿ.